ಹಾಲಿನ ಲೆಕ್ಕಕ್ಕೆ ಎರಡು ಜಿಬಿ

ಆಯುಧಪೂಜೆಗೆಂದು ಮಾನಿಟರಿನ ಮೂಲೆಗೆ ಸಿಕ್ಕಿಸಿದ್ದ ಚೆಂಡುಹೂವು ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಳಿಗ್ಗೆ ಕಚೇರಿಯ ಬೀಗ ತೆಗೆದು ಚೀಲ ಕೆಳಗಿಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಲೆಕ್ಕದ ಸಾಫ್ಟ್‌ವೇರಿನವ್ರೇನ್ರಿ? ನಮ್ಮ ಫೈಲು ಬಸರಾಗೇತಿ ನೋಡ್ರಿ. ವರ್ಷಾ ವರ್ಷಾ ಹಿಗ್ಗಿ ಹಿಗ್ಗಿ, ನಿನ್ನೆ ಸಂಜಿಗೆ ಬಾಯಿ ತಗಿಯಾಕ ಒಲ್ಲೆ ಅಂತೈತಿ."

ನಾನು ಕೆಲಸ ಮಾಡುವುದು ರಾಜಾಜಿನಗರದ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಮನೆಯ ಆದಾಯ, ಖರ್ಚು, ಉಳಿತಾಯ ಬರೆದಿಡುವ ಒಂದು ಸಾಫ್ಟ್‌ವೇರು, ಅದೂ ಕನ್ನಡದಲ್ಲಿ, ನಮ್ಮ ಇಡೀ ಕಂಪನಿಯ ಬಂಡವಾಳ. ಅದನ್ನು ಬರೆದವರು ಕಂಪನಿಯ ಯಜಮಾನರು, ಅದಕ್ಕಾಗಿ ಬೈಸಿಕೊಳ್ಳುವವಳು ನಾನು. ಇಷ್ಟು ಕಾಲ ಫೋನಿನಲ್ಲಿ ಬೈಸಿಕೊಂಡಿದ್ದೇನೆ, ಆದರೆ ಫೈಲಿಗೆ ದಿನ ತುಂಬಿದೆ ಎಂದು ದೂರು ಕೊಟ್ಟವರು ಅವರೊಬ್ಬರೇ.

ಮಾತಿನಲ್ಲೇ ಗೊತ್ತಾಯಿತು, ರಾಣೇಬೆನ್ನೂರು, ಹಾವೇರಿ ಕಡೆಯವರು. ವಯಸ್ಸಾದ ಅಮ್ಮನೊಬ್ಬರ ದನಿ. ಇರುವುದು ವಿಜಯನಗರದಲ್ಲಿ. ಫೈಲಿನ ಗಾತ್ರ ನೋಡುವುದು ಹೇಗೆಂದು ಹೇಳಿಕೊಟ್ಟೆ. ಅವರು ಅಂಕಿಗಳನ್ನು ಒಂದೊಂದಾಗಿ ಓದಿದರು. ನಾನು ಮತ್ತೊಮ್ಮೆ ಓದಿಸಿದೆ. ಎರಡು ಜಿಬಿ. ನಮ್ಮ ಪ್ರೋಗ್ರಾಮಿನ ಫೈಲು ಅದಕ್ಕಿಂತ ದೊಡ್ಡದಾಗುವಂತಿಲ್ಲ. ಅಷ್ಟು ಯಾಕೆ ಬೇಕಾದೀತು ಎಂದು ಯಜಮಾನರು ಆ ಮಿತಿ ಇಟ್ಟಿದ್ದರು.

ಹಿಂದಿನಿಂದ ಒಂದು ಗಂಡು ದನಿ ಕೇಳಿಸಿತು. "ಹಾಲಿನ ಲೆಕ್ಕಕ್ಕ ಎರಡು ಜಿಬಿ ಬೇಕೇನ? ಎಮ್ಮೀನ ತಂದು ಒಳಗ ಕಟ್ಟೀ ಏನ?"

"ನೀವು ಸುಮ್ನ ಪೇಪರ್ ಓದ್ರಿ," ಎಂದು ಅಮ್ಮ ಗದರಿಸಿದರು.

"ಬ್ಯಾಕಪ್ ಇದ್ಯಾ ಅಮ್ಮ?" ಎಂದೆ.

"ಐತೆಲ್ಲವಾ. ಅದರೊಳಗ ಐತಿ."

"ಯಾವುದರೊಳಗೆ?"

"ಅದ ಫೈಲಿನೊಳಗ."

ಸರಿಹೋಯಿತು ಎಂದುಕೊಂಡೆ. ಬ್ಯಾಕಪ್ ಎಂದರೆ ಏನೆಂದು ಗೊತ್ತಿಲ್ಲದವರು ಹೀಗೇ ಹೇಳುವುದು. ನನಗೆ ತಾಳ್ಮೆ ಕಡಿಮೆ, ಮತ್ತೆ ಕೇಳಲಿಲ್ಲ. ಸಂಜೆ ಮನೆಗೇ ಬರುತ್ತೇನೆ, ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಬೇಡಿ ಎಂದು ಹೇಳಿ ಫೋನಿಟ್ಟೆ. ನನ್ನ ಮನೆ ಕೆಂಗೇರಿ ಉಪನಗರದಲ್ಲಿ, ವಿಜಯನಗರ ದಾರಿಯ ಮೇಲಿನ ಮೆಟ್ರೋ ಸ್ಟೇಷನ್ನು.

ದಾರಿಯುದ್ದಕ್ಕೂ ಅದೇ ಯೋಚನೆ. ಅಕ್ಷರ, ಅಂಕಿಗಳಿಂದ ಫೈಲು ದಪ್ಪಗಾಗುವುದೇ ಇಲ್ಲ. ಒಂದು ಸಂಸಾರ ಇಡೀ ವರ್ಷ ಹಾಲು, ತರಕಾರಿ, ಕರೆಂಟ್ ಬಿಲ್ಲು ಎಂದು ಬರೆದರೂ ಅದು ಮೊಬೈಲಿನ ಒಂದು ಫೋಟೋದಷ್ಟಾಗುವುದಿಲ್ಲ. ದಪ್ಪಗಾಗುವುದು ಬೇರೆ ಕಾರಣಗಳಿಗೆ. ಕೆಲವರು ಪ್ರತಿ ಬಿಲ್ಲಿನ ಫೋಟೋ ಹಿಡಿದು ಅಂಟಿಸುತ್ತಾರೆ. ಕೆಲವರು ಚಿನ್ನದ ದರ, ಷೇರಿನ ದರ ದಿನಾ ತಾನಾಗಿ ಇಳಿಯಲಿ ಎಂದು ಗುಂಡಿ ಒತ್ತಿ ಮರೆತುಬಿಡುತ್ತಾರೆ, ಅದು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ. ಇನ್ನು ಅಳಿಸಿದ ಸಾಲುಗಳು. ಡಬ್ಬಿಯ ಅಕ್ಕಿ ಖಾಲಿಯಾಯಿತೆಂದು ಡಬ್ಬಿ ಚಿಕ್ಕದಾಗುತ್ತದೆಯೇ? ಹಾಗೆಯೇ, ಸಾಲು ಅಳಿಸಿದರೂ ಅದು ಹಿಡಿದಿದ್ದ ಜಾಗವನ್ನು ಫೈಲು ಬಿಟ್ಟುಕೊಡುವುದಿಲ್ಲ. ಅದಕ್ಕಾಗಿಯೇ ನಮ್ಮ ಪ್ರೋಗ್ರಾಮು ಮುಚ್ಚುವಾಗ ಹಳೆಯ ಸಾಲುಗಳನ್ನೆಲ್ಲ ಒತ್ತಾಗಿ ಜರುಗಿಸಿ ಜೋಡಿಸುತ್ತದೆ. ಇವೆಲ್ಲ ಸೇರಿದರೂ ಎರಡು ಜಿಬಿ ಆಗುವುದು ನಾನು ಕಂಡಿರಲಿಲ್ಲ.

ಅವರ ಮನೆಯಲ್ಲಿ ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಸಿಪಿಯು ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಕುಂಕುಮ. ಅಮ್ಮ ನನ್ನನ್ನು ಕೂರಿಸಿ ಮೊದಲು ಗಿರ್ಮಿಟ್ ತಟ್ಟೆ ಕೈಗಿಟ್ಟರು, ಜೊತೆಗೆ ಹಸಿಮೆಣಸಿನಕಾಯಿ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಅವರ ಯಜಮಾನರು ಪೇಪರಿನ ಹಿಂದಿನಿಂದ ಇಣುಕಿದರು. "ತಿಂದ ಲೆಕ್ಕಾನೂ ಅದರಾಗ ಬರೀತಾಳ, ನೋಡಿ ತಿನ್ರಿ," ಎಂದರು.

ನನ್ನ ಕೆಲಸದಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹಾಳಾದ ಫೈಲನ್ನು ಹಾಳಾದ ಸ್ಥಿತಿಯಲ್ಲೇ ನಕಲು ಮಾಡಿಕೊಳ್ಳಬೇಕು, ಮೂಲಕ್ಕೆ ಕೈ ಹಚ್ಚಕೂಡದು. ತಂದಿದ್ದ ಹಾರ್ಡ್ ಡಿಸ್ಕಿಗೆ ನಕಲು ಇಳಿಯುತ್ತಿರುವಾಗ ಅಮ್ಮ ಪಕ್ಕದಲ್ಲಿ ಕೂತರು. ಫೋನಿನಲ್ಲಿದ್ದ ತಮಾಷೆ ಈಗ ಮುಖದಲ್ಲಿರಲಿಲ್ಲ.

"ಎಲ್ಲಾ ಬರ್ತೈತೇನವಾ?"

"ನೋಡ್ಬೇಕು ಅಮ್ಮ. ಈಗ್ಲೇ ಏನೂ ಹೇಳಕ್ಕಾಗಲ್ಲ."

"ದೀಪಾವಳಿ ಪಾಡ್ಯಕ್ಕ ಹೊಸಾ ವರ್ಷದ್ದು ಸುರು ಮಾಡ್ಬೇಕು. ಈ ಮನಿಗೆ ಕಂಪ್ಯೂಟರ್ ಬಂದಾಗಿಂದೂ ಬರದೀನಿ. ನೌಕರಿ ಮಾಡ್ದವ್ರಿಗೆ ಪೆನ್ಶನ್ ಬರ್ತೈತಿ, ಸರ್ಟಿಫಿಕೇಟ್ ಕೊಡ್ತಾರ. ನಾ ಮಾಡಿದ್ದು ಎಲ್ಲೈತಿ? ಅದರಾಗಷ್ಟ ಐತಿ. ಅದು ಹೋದ್ರ ನಾ ಮಾಡಿದ್ದ ಹೋದಂಗ."

ಅಷ್ಟು ಹೊತ್ತು ಅದು ನನಗೆ ಬರೀ ಒಂದು ಕೆಟ್ಟ ಫೈಲಾಗಿತ್ತು. ಆಮೇಲೆ ಹಾಗೆ ಅನ್ನಿಸಲಿಲ್ಲ, ಸ್ವಲ್ಪ ಹೆದರಿಕೆಯೂ ಆಯಿತು.

ಮರುದಿನ ಕಚೇರಿಯಲ್ಲಿ ಫೈಲನ್ನು ನಮ್ಮ ದುರಸ್ತಿ ಪ್ರೋಗ್ರಾಮಿಗೆ ಕೊಟ್ಟೆ. ಅದು ಒಳಗಿನ ಭಾಗಗಳನ್ನು ಬೇರೆ ಬೇರೆಯಾಗಿ ತೂಗಿ ತೋರಿಸುತ್ತದೆ. ಲೆಕ್ಕದ ಸಾಲುಗಳ ಭಾಗ ಏನೇನೂ ಇಲ್ಲ, ಒಂದು ಚಿಟಿಕೆ. ದರಪಟ್ಟಿ ಖಾಲಿ. ಉಳಿದ ಅಷ್ಟೂ ಅಂಟಿಸಿದ ಕಡತಗಳು. ಅವುಗಳ ಹೆಸರು ನೋಡಿದೆ. ಎಲ್ಲಕ್ಕೂ ಒಂದೇ ಹೆಸರು, 'ಶ್ರೀ'. ವರ್ಷಕ್ಕೆ ಒಂದೊಂದು.

ಯಜಮಾನರು ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. "ದೇವರ ಫೋಟೋ ಕಣ್ರೀ. ಹಬ್ಬಕ್ಕೆ ಲಕ್ಷ್ಮಿ ಫೋಟೋ ಹಾಕಿರ್ತಾರೆ, ಅದೂ ಯಾವುದೋ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದು. ಎಲ್ಲಾ ಕಿತ್ತಾಕಿ, ಒತ್ತಿ ಜೋಡ್ಸಿ, ಕೊಟ್ಬಿಡಿ."

ನನಗೂ ಹಾಗೇ ಅನ್ನಿಸಿತು. ಒಂದು ನಕಲಿನಲ್ಲಿ ಅಂಟಿಸಿದ್ದನ್ನೆಲ್ಲ ಕಿತ್ತೆ. ಎರಡು ಜಿಬಿಯ ಆನೆ ಇಲಿಯಷ್ಟಾಯಿತು, ಥಟ್ಟನೆ ತೆರೆದುಕೊಂಡಿತು. ಖುಷಿಯಲ್ಲಿ ಕೆಳಗಿನ ಕ್ಯಾಂಟೀನಿನಿಂದ ಕಾಫಿ ತರಿಸಿದೆ. ಅದನ್ನು ಕುಡಿಯುತ್ತ ವರ್ಷಗಳನ್ನು ತಿರುವಿಹಾಕಿದರೆ ನಡುವಿನ ಮೂರು ವರ್ಷಗಳಿರಬೇಕಾದ ಕಡೆ ಸಾಲುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಗೋಡೆ. ಹಿಂದಿನವು ಸರಿ, ಈಚಿನವು ಸರಿ, ನಡುವಿನವು ಮಾತ್ರ ಮಣ್ಣು. ಆಗಿದ್ದಿಷ್ಟು: ಫೈಲು ಮಿತಿ ಮುಟ್ಟಿದ ಸಂಜೆ, ಮುಚ್ಚುವ ಹೊತ್ತಿಗೆ ಪ್ರೋಗ್ರಾಮು ಎಂದಿನಂತೆ ಹಳೆಯ ಸಾಲುಗಳನ್ನು ಜರುಗಿಸಲು ಹೋಗಿದೆ, ಜರುಗಿಸಲು ಜಾಗವಿಲ್ಲದೆ ಅರ್ಧಕ್ಕೆ ನಿಂತಿದೆ, ಆ ಅರ್ಧದಲ್ಲಿ ಸಿಕ್ಕಿಕೊಂಡದ್ದು ಆ ಮೂರು ವರ್ಷ.

ಸಾಲುಗಳ ಗುರುತಿನ ಸಂಖ್ಯೆ ಹಿಡಿದು ಹುಡುಕಿದೆ. ಖರ್ಚಿನ ವರ್ಗಗಳ ಪಟ್ಟಿಯಿಂದ ಏನಾದರೂ ಹಿಂದಕ್ಕೆ ಕಟ್ಟಬಹುದೇ ಎಂದು ನೋಡಿದೆ. ಆ ಪಟ್ಟಿ ಓದುವುದೇ ಒಂದು ಸೊಗಸು. ಬೇರೆಯವರ ಫೈಲಿನಲ್ಲಿ 'ದಿನಸಿ', 'ಸಾರಿಗೆ', 'ಇತರೆ' ಇರುತ್ತದೆ. ಇವರದರಲ್ಲಿ 'ಹೈನ', 'ಕಾಯಿಪಲ್ಲೆ', 'ಮಠ', 'ಇವರ ಔಷಧ', 'ಮನೀ ಹೆಣ್ಮಕ್ಕಳು'. ಕೊನೆಯ ವರ್ಗದಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಪಂಚಮಿಗೆ, ದೀಪಾವಳಿಗೆ ಕೊಟ್ಟ ಸೀರೆ, ಕುಪ್ಪಸ. 'ಇತರೆ' ಎಂಬ ವರ್ಗವೇ ಇರಲಿಲ್ಲ. ಆದರೆ ಹೆಸರುಗಳಿಂದ ಸಾಲುಗಳು ಹುಟ್ಟುವುದಿಲ್ಲ.

"ನಡುವಿನ ಮೂರು ವರ್ಷಕ್ಕೆ ಒಂದೇ ಒಂದು ಶಿಲ್ಕಿನ ಸಾಲು, ಉಳಿಕೆ ಮೊತ್ತದ್ದು, ಹಾಕಿ ಹೊಂದಿಸ್ಬಿಡಿ," ಎಂದರು ಯಜಮಾನರು. "ಕೂಡಿದ್ರೆ ಸರಿಯಾಗಿ ಬರತ್ತೆ. ಅಷ್ಟು ಹಳೇದು ಯಾರು ನೋಡ್ತಾರೆ ಮೇಡಂ?"

"ಅವ್ರು ನೋಡ್ತಾರೆ ಸಾರ್."

"ನಿಮಗೆ ಹೇಗೆ ಗೊತ್ತು?"

ನನಗೆ ಗೊತ್ತಿತ್ತು. ಗಿರ್ಮಿಟ್ ತಿಂದು ಬಂದವಳು ನಾನು. ಶಿಲ್ಕಿನ ಸಾಲು ಹಾಕುವುದಿಲ್ಲ, ಮೊದಲು ಅವರ ಹತ್ತಿರ ಹೋಗಿ ನಿಜ ಹೇಳುತ್ತೇನೆ, ಅವರು ಇದನ್ನು ಹೇಗೆ ಬಳಸುತ್ತಾರೋ ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದೆ. ಒಂದು ಫೈಲಿಗೆ ಎಷ್ಟು ಸಲ ಓಡಾಡುತ್ತೀರಿ ಎಂದು ಗೊಣಗಿದರೇ ಹೊರತು ಅವರು ಬೇಡ ಎನ್ನಲಿಲ್ಲ.

ಅಮ್ಮನೆದುರು ಕೂತು ನಿಜ ಹೇಳುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಯಾವ ವರ್ಷಗಳು ಎಂದು ಅಮ್ಮ ಕೇಳಿದರು. ಹೇಳಿದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

"ಸಣ್ಣಾಕಿ ಬಾಣಂತನ ಆಗಿದ್ದು ಅದ ವರ್ಷ," ಎಂದರು. "ದೊಡ್ಡ ಮಗಳದೂ ಸೇರಿ ಎರಡೂ ಬಾಣಂತನ ಆ ಮೂರು ವರ್ಷದಾಗ ಬರ್ತಾವ. ಏನೇನ್ ತಂದೆ, ಏನೇನ್ ಮಾಡಿ ಹಾಕಿದೆ, ಎಲ್ಲಾ ಬರದಿದ್ದೆ." ಸುತ್ತಿದ್ದ ಸೆರಗು ಬಿಚ್ಚಿ, "ಹೋಗ್ಲಿ ಬಿಡವಾ. ಇನ್ನ ಬರಿಯೂದು ಸಾಕು," ಎಂದುಬಿಟ್ಟರು.

"ಸಾಕು ಅಂದ್ರ? ನಾಳಿಂದ ನನ್ನ ಬೈಯ್ಯಾಕ ನೆವ ಏನ್ ಹುಡುಕ್ತಿ?" ಅವರ ಯಜಮಾನರು ತಮಾಷೆ ಮಾಡಲು ನೋಡಿದರು. ಆದರೆ ಪೇಪರು ಮಡಿಚಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

ಮಾತು ಬದಲಿಸಲೆಂದೇ, ಪಾಡ್ಯದ ದಿನ ಏನು ಮಾಡುತ್ತೀರಿ, ಆ 'ಶ್ರೀ' ಯಾವ ದೇವರ ಫೋಟೋ ಎಂದು ಕೇಳಿದೆ.

"ಫೋಟೋ ಅಲ್ಲವಾ. ಅದು ಹಳೇ ಪುಸ್ತಕ."

ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ನಮ್ಮಪ್ಪಾರ ಅಂಗಡ್ಯಾಗ ಪಾಡ್ಯಕ್ಕ ಹೊಸಾ ಖಾತೆ ಪುಸ್ತಕ ತಗೀತಿದ್ರು. ಹಳೇ ಪುಸ್ತಕ ಕೆಳಗ, ಅದರ ಮ್ಯಾಲ ಹೊಸಾದು. ಬರಿಗೈಲೆ ವರ್ಷ ಸುರು ಮಾಡಬಾರದು, ಹಳೇದರ ಆಸರಾ ಇರಬೇಕು ಅಂತಿದ್ರು. ಕುಂಕುಮಾ ಹಚ್ಚೂದು ಹೆಣ್ಮಕ್ಳು, 'ಶ್ರೀ' ಬರಿಯೂದು ಗಂಡಸ್ರು. ನಾ ಪ್ರತಿ ವರ್ಷ ಕುಂಕುಮದ ಬಟ್ಟಲಾ ಹಿಡ್ಕೊಂಡು ನಿಂತು ನೋಡ್ತಿದ್ದೆ. ಈಗ ನನ್ನ ಪುಸ್ತಕ, ನಾನ ಬರೀತೀನಿ. ಹಳೇದನ್ನ ಎಲ್ಲಿಡೂದು? ಬ್ಯಾಕಪ್ ತಗದು, 'ಶ್ರೀ' ಅಂತ ಹೆಸರಿಟ್ಟು, ಹೊಸಾ ವರ್ಷದ ಮೊದಲ ಸಾಲಿಗೆ ಅಂಟಿಸಿಬಿಡ್ತೀನಿ. ಹೊರಗಿಂದು ಅಳಿಸ್ತೀನಿ. ಎರಡು ಕಡೆ ಇದ್ರ ಖರೇದ್ಯಾವುದು ಅಂತ ಹೆಂಗ ತಿಳೀತೈತಿ?"

'ಅದ ಫೈಲಿನೊಳಗ' ಎಂದು ಅವರು ಮೊದಲನೇ ದಿನವೇ ಹೇಳಿದ್ದರು.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೊದಲ ವರ್ಷದ ಫೈಲು ಒಂದು ಎಂಬಿ ಎಂದುಕೊಳ್ಳಿ. ಪಾಡ್ಯಕ್ಕೆ ಅದರೊಳಗೆ ಅದರದೇ ನಕಲು, ಎರಡಾಯಿತು. ಮುಂದಿನ ಪಾಡ್ಯಕ್ಕೆ ಆ ಎರಡರೊಳಗೆ ಇನ್ನೊಂದು ಎರಡು, ನಾಲ್ಕು. ಆಮೇಲೆ ಎಂಟು, ಹದಿನಾರು. ಮೊದಮೊದಲು ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ಹಬ್ಬ ಕಳೆಯುವಷ್ಟರಲ್ಲಿ ಒಂದು ಜಿಬಿ, ಅದರ ಮುಂದಿನ ಹಬ್ಬಕ್ಕೆ ಎರಡರ ಅಂಚು. ಅಲ್ಲಿಂದ ಈಚೆಗೆ ಬರೆದ ಹಾಲು, ಕಾಯಿಪಲ್ಲೆಯ ಭಾರಕ್ಕೆ ಅಂಚಿನಿಂದ ಉರುಳಿದೆ. ಬಸುರಿ ಎಂದು ಅಮ್ಮ ಹೇಳಿದ್ದು ತಮಾಷೆಯೇ ಅಲ್ಲ. ಒಳಗೆ ಮರಿ ಇತ್ತು, ಆ ಮರಿಯೊಳಗೂ ಮರಿ ಇತ್ತು.

ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಹೊಳೆಯಿತು, ನಾನು ಕಸವೆಂದು ಕಿತ್ತದ್ದು ಕಸವಲ್ಲ. ಪ್ರತಿಯೊಂದು 'ಶ್ರೀ' ಒಳಗೂ ಅಲ್ಲಿಯವರೆಗಿನ ಇಡೀ ಪುಸ್ತಕವಿದೆ. ನಾನು ಕಿತ್ತದ್ದು ನಕಲಿನಿಂದ ಮಾತ್ರ. ಮೂಲ ಹಾಗೇ ಇತ್ತು. ಆ ಕಟ್ಟುನಿಟ್ಟಿನ ನಿಯಮ ಕಲಿಸಿದವರಿಗೆ ಅಲ್ಲಿಂದಲೇ ಕೈಮುಗಿದೆ.

"ಅಮ್ಮ, 'ಸಾಕು' ಅನ್ನೋ ಮಾತು ಎರಡು ದಿನ ತಡೆದಿಟ್ಕೊಳ್ಳಿ," ಎಂದು ಹೇಳಿ ಹೊರಟೆ.

ಕಚೇರಿಯಲ್ಲಿ ಮೊದಲು ತೆಗೆದದ್ದು ಕಳೆದ ಪಾಡ್ಯದ 'ಶ್ರೀ'. ಅದೇ ಎಲ್ಲಕ್ಕಿಂತ ದೊಡ್ಡದು, ಫೈಲಿನ ಕಟ್ಟಕಡೆಯಲ್ಲಿ ಕೂತಿದ್ದದ್ದು. ಮಿತಿ ಮುಟ್ಟಿದಾಗ ಅದರ ಬಾಲವೂ ತುಂಡಾಗಿತ್ತು. ತೆರೆಯಲಿಲ್ಲ. ಬೇರೆ ಬೇರೆ ರೀತಿಯಲ್ಲಿ ಹೊಲಿದು ನೋಡಿದೆ, ಆಗಲಿಲ್ಲ. ಯಜಮಾನರು ಈ ಹೊತ್ತಿಗೆ ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಿದ್ದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಹುರುಪು ಕಂಡಿತು.

"ಒಂದು ಮೆಟ್ಟಲು ಕೆಳಗಿಳೀರಿ," ಎಂದರು.

ಅದರ ಹಿಂದಿನ ವರ್ಷದ 'ಶ್ರೀ' ತೆಗೆದೆ. ಪರದೆಯಲ್ಲಿ ನೀಲಿ ಪಟ್ಟಿ ತೆವಳಿತು, ನಿಂತಿತು, ಮತ್ತೆ ತೆವಳಿತು. ಫೈಲು ತೆರೆದುಕೊಂಡಿತು. ನೇರವಾಗಿ ಆ ಮೂರು ವರ್ಷಗಳಿಗೆ ಹೋದೆ. ಗೋಡೆ ಇರಲಿಲ್ಲ. ಅಚ್ಚ ಕನ್ನಡದಲ್ಲಿ ಒಂದು ಸಾಲು: 'ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ. ಸಣ್ಣಾಕಿ ಉಂಡಿಗೆ.' ಅದರ ಕೆಳಗೆ: 'ಕೂಸಿಗೆ ಕುಲಾಯಿ, ಬಜೆ.' ಅದರ ಕೆಳಗೆ: 'ಸಣ್ಣಾಕಿಗೆ ನಿದ್ದಿ ಇಲ್ಲ, ಜಾಜಿಕಾಯಿ ತಂದೆ.' ಲೆಕ್ಕದ ಪುಸ್ತಕದಲ್ಲಿ ನಿದ್ದೆಯ ವಿಷಯ ಬರೆಯಲು ನಮ್ಮ ಸಾಫ್ಟ್‌ವೇರಿನಲ್ಲಿ ಜಾಗವಿಲ್ಲ, ಅಮ್ಮ ಮಾಡಿಕೊಂಡಿದ್ದರು. ನನ್ನ ಕಣ್ಣು ತುಂಬಿಬಂತು. ಅದನ್ನು ಮರೆಮಾಚಬೇಕೆಂದೂ ಅನ್ನಿಸಲಿಲ್ಲ.

ಉಳಿದದ್ದು ತಾಳ್ಮೆಯ ಕೆಲಸ. ಒಳಗಿನ ಪುಸ್ತಕದಿಂದ ಆ ಮೂರು ವರ್ಷ ತೆಗೆದು, ಹೊರಗಿನದರಲ್ಲಿ ಉಳಿದಿದ್ದ ವರ್ಷಗಳ ನಡುವೆ ಕೂರಿಸಿ, ಎರಡು ಸಲ ಬಂದ ಸಾಲುಗಳನ್ನು ಗುರುತಿನ ಸಂಖ್ಯೆ ನೋಡಿ ಬಿಟ್ಟು, ತಿಂಗಳು ತಿಂಗಳಿಗೂ ಶಿಲ್ಕು ಹೊಂದುತ್ತದೆಯೇ ಎಂದು ನೋಡಿದೆ. ಹೊಂದಿತು. ಪೂರ್ತಿಯಾದ ಫೈಲು ಹೂವಿನಷ್ಟು ಹಗುರ.

ಇನ್ನು ಮುಂದೆ ಏನು ಮಾಡುವುದು ಎಂಬಲ್ಲಿ ನಮಗೆ ಜಗಳ ಬಿತ್ತು. ಲೆಕ್ಕದ ಫೈಲನ್ನು ಅದರೊಳಗೇ ಅಂಟಿಸಲು ಹೋದರೆ ಪ್ರೋಗ್ರಾಮು ತಡೆಯಲಿ, ಕೆಂಪಕ್ಷರದಲ್ಲಿ ಎಚ್ಚರಿಕೆ ಕೊಡಲಿ ಎಂದು ಯಜಮಾನರ ವಾದ.

"ಹಾಗಾದ್ರೆ ಅವ್ರು ಹಳೇ ಪುಸ್ತಕ ಎಲ್ಲಿಡ್ಬೇಕು ಸಾರ್?" ಎಂದೆ.

"ಒಬ್ಬರಿಗೋಸ್ಕರ ಪ್ರೋಗ್ರಾಂ ಬದಲಾಯ್ಸಕ್ಕಾಗತ್ತೇನ್ರೀ?"

"ಮೊನ್ನೆ ಆಯುಧಪೂಜೆಗೆ ಸರ್ವರ್ ಮುಂದೆ ಕುಂಬಳಕಾಯಿ ಒಡೆದ್ರಲ್ಲ, ಅದು ಯಾರಿಗೋಸ್ಕರ?"

ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ದೀಪಾವಳಿಗೆ ಮೊದಲೇ ಬರೆದುಕೊಟ್ಟರು. ಹೊಸ ವರ್ಷ ಆರಂಭಿಸುವಾಗ ಪ್ರೋಗ್ರಾಮು ಈಗ ಹಳೆಯ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದರಿಂದ ಒಂದು ಗೆರೆ ಉದ್ದದ ಮುದ್ರೆ ತಯಾರಿಸುತ್ತದೆ. ಹಳೆಯದರಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಆ ಮುದ್ರೆ ಹೊಸ ವರ್ಷದ ಮೊದಲ ಸಾಲಿನ ಕೆಳಗೆ ಕೂರುತ್ತದೆ, ಹಳೆಯ ಫೈಲು ಹೊರಗೆ ಬೇರೆಯಾಗಿ ಉಳಿಯುತ್ತದೆ. ಹೊಸದು ಹಳೆಯದರ ಆಸರೆಯ ಮೇಲೆಯೇ ನಿಂತಿರುತ್ತದೆ, ಅದನ್ನು ನುಂಗುವುದಿಲ್ಲ. ಆ ಗುಂಡಿಗೆ ಯಜಮಾನರೇ 'ಹಳೇ ಪುಸ್ತಕ' ಎಂದು ಹೆಸರಿಟ್ಟರು.

ಪಾಡ್ಯದ ಬೆಳಿಗ್ಗೆ ಅಮ್ಮ ನನ್ನನ್ನು ಕರೆದಿದ್ದರು. ಹೊಸ್ತಿಲಲ್ಲಿ ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿದ ಪಾಂಡವರು ಉತ್ರಾಣಿ ಕಡ್ಡಿ ಸಿಕ್ಕಿಸಿಕೊಂಡು ಸಾಲಾಗಿ ಕೂತಿದ್ದರು. ಸಗಣಿಗಾಗಿ ತಾವು ಪಟ್ಟ ಪಾಡನ್ನು ಅವರ ಯಜಮಾನರು ಬಾಗಿಲಲ್ಲೇ ವರ್ಣಿಸಿದರು. ದುರಸ್ತಿಯಾದ ಹಳೆಯ ಫೈಲನ್ನು ನಾನು ಒಂದು ಪೆನ್ ಡ್ರೈವಿಗೆ ಹಾಕಿ ತಂದಿದ್ದೆ. ಕಂಪ್ಯೂಟರಿಗೆ ಹೊಸ ಪ್ರೋಗ್ರಾಮು ಹಾಕಿ, ಅದಕ್ಕೆ ಆ ಫೈಲನ್ನು ಒಮ್ಮೆ ಪೂರ್ತಿ ಓದಿಸಿ, ಪೆನ್ ಡ್ರೈವ್ ಹೊರತೆಗೆದೆ. ಮುದ್ರೆಯ ವಿಷಯವನ್ನು ಅಮ್ಮ ಎರಡು ಸಲ ಕೇಳಿ ತಿಳಿದುಕೊಂಡರು.

"ಅಂದ್ರ ಕೆಳಗಿನ ಪುಸ್ತಕಕ್ಕ ಯಾರರೆ ಕೈ ಹಚ್ಚಿದ್ರ ಮ್ಯಾಲಿಂದಕ್ಕ ಗೊತ್ತಾಗ್ತೈತಿ."

"ಹೌದಮ್ಮ, ಅಷ್ಟೇ."

"ನಮ್ಮಪ್ಪಾರ ಪುಸ್ತಕಕ್ಕ ಇಷ್ಟು ಬುದ್ಧಿ ಇರಲಿಲ್ಲ ಬಿಡು," ಎಂದರು.

ಪೆನ್ ಡ್ರೈವನ್ನು ಕೀಬೋರ್ಡಿನ ಕೆಳಗಿಟ್ಟರು. ಆಮೇಲೆ ಕುಂಕುಮದ ಬಟ್ಟಲನ್ನು ತಮ್ಮ ಯಜಮಾನರ ಕೈಗೆ ಕೊಟ್ಟರು. ಪ್ರತಿ ವರ್ಷದ ಪದ್ಧತಿ ಇದೇ ಇರಬೇಕು, ಅವರು ಏನೂ ಕೇಳದೆ ಎದ್ದು ನಿಂತು, ಶ್ರದ್ಧೆಯಿಂದ ಕೀಬೋರ್ಡಿಗೆ, ಮಾನಿಟರಿಗೆ ಹಚ್ಚಿ, ಕೊನೆಗೆ ಪೆನ್ ಡ್ರೈವಿನ ಕಡೆ ಬಾಗಿದರು.

"ಸಾರ್, ಬಾಯಿಗೆ ಹಚ್ಬೇಡಿ, ಬೆನ್ನಿಗೆ ಹಚ್ಚಿ!" ಎಂದು ಕೂಗಿದೆ.

ಅಮ್ಮ 'ಶ್ರೀ' ಬರೆದರು. 'ಹಳೇ ಪುಸ್ತಕ' ಗುಂಡಿ ಒತ್ತಿದರು. ಮುದ್ರೆ ಕೂತಿತು. ಹೊಸ ವರ್ಷದ ಫೈಲು ಎಷ್ಟು ಬೇಗ ತೆರೆಯಿತೆಂದರೆ ಅವರು ಇಷ್ಟೇನಾ ಎಂಬಂತೆ ನನ್ನ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಒಂದು ಹಸಿರು ಕುಪ್ಪಸದ ಖಣ ತಂದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ನನ್ನ ಜೀನ್ಸ್ ಮೇಲಿನ ಕುರ್ತಾದ ಚುಂಗಿನಲ್ಲಿ ಅಕ್ಕಿ ನಿಲ್ಲದೆ ನೆಲಕ್ಕೆ ಚೆಲ್ಲಿತು. ಅವರು ಬೈಯುತ್ತಲೇ ತಮ್ಮದೊಂದು ಟವೆಲ್ ತಂದು ಹಾಸಿದರು.

ನಾನು ಉಡಿ ಹಿಡಿದುಕೊಂಡು ನಿಂತಿದ್ದಂತೆಯೇ ಅವರು ಕುರ್ಚಿಗೆ ಮರಳಿ ವರ್ಷದ ಮೊದಲ ಖರ್ಚು ಬರೆದರು. 'ಕುಪ್ಪಸದ ಖಣ, ಕೊಬ್ಬರಿ. ಫೈಲಿನ ಬಾಣಂತನ ಮಾಡಿದಾಕಿಗೆ.' ಪ್ರೋಗ್ರಾಮು ಎಂದಿನಂತೆ ಯಾವ ವರ್ಗ ಎಂದು ಕೇಳಿತು, ಪಟ್ಟಿ ಕೆಳಗಿಳಿಯಿತು. ಆ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಅಮ್ಮನ ಬೆರಳು ಹೈನ, ಕಾಯಿಪಲ್ಲೆ, ಮಠ ದಾಟಿ ಕೆಳಗಿಳಿದು, 'ಮನೀ ಹೆಣ್ಮಕ್ಕಳು' ಎಂಬಲ್ಲಿ ನಿಂತು ಒತ್ತಿತು.

ಅವರು ತಿರುಗಿ ನೋಡಲಿಲ್ಲ, ಮುಂದಿನ ಸಾಲಿಗೆ ಹೋದರು, ಅದು ಹಾಲಿನದು. ನನ್ನ ಆ ಒಂದು ಸಾಲಿನಿಂದ ಫೈಲು ಎಷ್ಟು ಬೆಳೆಯಿತೆಂದು ನಾನು ನೋಡಲು ಹೋಗಲಿಲ್ಲ.